ಹೃದಯಕ್ಕೆ ಕೊಡುವ ಬಿಡುವು

ಐರ್ಲೆಂಡಿನ ವಾಯವ್ಯ ತುದಿಯಲ್ಲಿರುವ ಡೊನೆಗಾಲ್ ಕೌಂಟಿಯ ದೊಡ್ಡ ಊರು ಲೆಟರ್‌ಕೆನ್ನಿ. ಅಲ್ಲೊಂದು ವಿಶ್ವವಿದ್ಯಾಲಯ ಆಸ್ಪತ್ರೆಯಿದೆ. ಆದರೆ ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡ ರೋಗಿಗೆ ತಕ್ಷಣ ಆಂಜಿಯೋಪ್ಲಾಸ್ಟಿ ಆಗಬೇಕೆಂದರೆ ಆಂಬುಲೆನ್ಸ್ ದೇಶದ ಗಡಿಯನ್ನೇ ದಾಟುತ್ತದೆ. ಉತ್ತರ ಐರ್ಲೆಂಡಿಗೆ ಸೇರಿದ ಡೆರಿ ನಗರದ ಆಲ್ಟ್‌ನಗೆಲ್ವಿನ್ ಆಸ್ಪತ್ರೆ 2016ರಿಂದ ಡೊನೆಗಾಲಿನ ಇಂಥ ರೋಗಿಗಳನ್ನು ಬರಮಾಡಿಕೊಳ್ಳುತ್ತಿದೆ. ದಾರಿ ಸುಮಾರು 35 ಕಿಲೋಮೀಟರ್. ತನ್ನದೇ ದೇಶದ ಗಾಲ್ವೇಗೆ ಹೋಗುವುದಾದರೆ ಮೂರು ಗಂಟೆಯ ರಸ್ತೆ. ಇಸಿಜಿಯಲ್ಲಿ ಆಘಾತ ಕಂಡ ಎರಡು ಗಂಟೆಯೊಳಗೆ ನಾಳ ತೆರೆಯಬೇಕೆಂಬ ನಿಯಮ ಆ ರಸ್ತೆಯಲ್ಲೇ ಮುರಿದುಬೀಳುತ್ತದೆ. ಕರ್ನಾಟಕದ ನಮ್ಮ ತಾಲ್ಲೂಕು ಆಸ್ಪತ್ರೆಗಳದ್ದೂ ಇದೇ ಲೆಕ್ಕ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಊರ ಹತ್ತಿರವೇ ಉಚಿತವಾಗಿ ಕೊಡಲು ಹೊರಟಿದ್ದು ಇದೇ ಕಾರಣಕ್ಕೆ. ಹಾಗೆ ಹೊತ್ತಿಗೆ ಸರಿಯಾಗಿ ತಲುಪಿ ನಾಳ ತೆರೆದ ಮೇಲೂ ನೂರರಲ್ಲಿ ಐದರಿಂದ ಹತ್ತು ಮಂದಿಯ ಹೃದಯ ಚೇತರಿಸಿಕೊಳ್ಳದೆ ಸೋತು ಕೂರುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ನಿಲ್ಲುತ್ತದೆ. ಕಾರ್ಡಿಯೋಜೆನಿಕ್ ಶಾಕ್ ಎಂದು ಕರೆಯುವ ಈ ಸ್ಥಿತಿಗೆ ಬಂದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಉಳಿಯುವುದಿಲ್ಲ. ಈ ಹಂತದಲ್ಲಿ ಹೃದಯದ ಕೆಲಸವನ್ನು ಕೆಲವು ದಿನಗಳ ಮಟ್ಟಿಗೆ ಯಂತ್ರವೊಂದಕ್ಕೆ ವಹಿಸಬಹುದು. ವಹಿಸಬೇಕೇ, ವಹಿಸಿದರೆ ಎಲ್ಲಿಯವರೆಗೆ, ಹಿಂದಕ್ಕೆ ಪಡೆಯುವ ಅಧಿಕಾರ ಯಾರದು? ಇವು ವೈದ್ಯಕೀಯದ ಪ್ರಶ್ನೆಗಳಂತೆ ಕಂಡರೂ ಧರ್ಮದ ಪ್ರಶ್ನೆಗಳು. ನಾನು ಇಲ್ಲಿ ಮಾಡುತ್ತಿರುವುದು ಒಂದೇ ವಾದ: ಇಂಥ ಯಂತ್ರ ಧರ್ಮಕ್ಕೆ ಒಪ್ಪುವುದು ಅದು ಹೊರಟುಹೋಗಲೆಂದೇ ಬಂದಿರುವುದರಿಂದ. ಹಾಗಾಗಿ ಹಾಕುವುದಕ್ಕೆ ಒಪ್ಪಿದವರು ತೆಗೆಯುವುದಕ್ಕೂ ಆ ಗಳಿಗೆಯಲ್ಲೇ ಒಪ್ಪಿರುತ್ತಾರೆ.

ಯಂತ್ರ ಮಾಡುವ ಕೆಲಸ ಏನೆಂದು ಹತ್ತಿರದಿಂದ ನೋಡದೆ ಈ ವಾದ ನಿಲ್ಲುವುದಿಲ್ಲ. ಇಂಪೆಲ್ಲಾ ಎಂಬ ಪಂಪನ್ನೇ ತೆಗೆದುಕೊಳ್ಳೋಣ. ತೊಡೆಸಂದಿನ ಅಪಧಮನಿಯ ಮೂಲಕ ತೂರಿಸುವ ಸಪೂರ ನಳಿಕೆ ಅದು. ಮಹಾಪಧಮನಿಯ ಕವಾಟವನ್ನು ದಾಟಿ ಅದರ ತುದಿ ಎಡ ಹೃತ್ಕುಕ್ಷಿಯೊಳಗೆ ಕೂರುತ್ತದೆ. ಒಳಗಿನ ಪುಟ್ಟ ಸುರುಳಿ ನಿಮಿಷಕ್ಕೆ 46,000 ಸುತ್ತಿನವರೆಗೂ ತಿರುಗುತ್ತದೆ. ಕುಕ್ಷಿಯಿಂದ ರಕ್ತವನ್ನು ಹೀರಿ ಮಹಾಪಧಮನಿಗೆ ಬಿಡುತ್ತದೆ. ಆರೋಗ್ಯವಂತನ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ತಳ್ಳಿದರೆ ಈ ಪಂಪು ಮೂರೂವರೆ ಲೀಟರಿನ ಆಸುಪಾಸು ತಳ್ಳಬಲ್ಲದು. ಹಾಸಿಗೆಯ ಪಕ್ಕದ ಮಾನಿಟರಿನಲ್ಲಿ ರಕ್ತದೊತ್ತಡದ ಗೆರೆ ಸಾಮಾನ್ಯವಾಗಿ ಬೆಟ್ಟ, ಕಣಿವೆ, ಬೆಟ್ಟ ಎಂದು ಏರಿಳಿಯುತ್ತದೆ. ಪಂಪಿನ ಬಲ ಹೆಚ್ಚಿದ್ದು ಹೃದಯ ತೀರಾ ಸೋತಿದ್ದರೆ ಆ ಗೆರೆ ಮಟ್ಟಸವಾಗುತ್ತ ಬರುತ್ತದೆ. ಮಣಿಕಟ್ಟು ಹಿಡಿದರೆ ನಾಡಿ ಸಿಕ್ಕಿಯೂ ಸಿಗದಂತಿರುತ್ತದೆ. ಆದರೂ ಮೆದುಳಿಗೆ, ಮೂತ್ರಪಿಂಡಕ್ಕೆ ರಕ್ತ ಹೋಗುತ್ತಲೇ ಇರುತ್ತದೆ. ನರ್ಸು ಗಂಟೆಗೊಮ್ಮೆ ರೋಗಿಯ ಪಾದವನ್ನು ಮುಟ್ಟಿ ಬಿಸಿ ಇದೆಯೇ ಎಂದು ನೋಡುತ್ತಾಳೆ, ಏಕೆಂದರೆ ನಳಿಕೆ ಹೋದ ಕಾಲಿಗೇ ರಕ್ತ ಕಡಿಮೆಯಾಗಬಹುದು. ಮೂತ್ರದ ಬಣ್ಣವನ್ನೂ ನೋಡುತ್ತಾಳೆ. ಸುರುಳಿಯ ವೇಗಕ್ಕೆ ರಕ್ತಕಣಗಳು ಒಡೆದರೆ ಅದು ಕೆಂಪಗಾಗುತ್ತದೆ.

ನಾಡಿಯೇ ಜೀವ ಎಂದು ನಂಬಿ ಬೆಳೆದ ಸಮಾಜಕ್ಕೆ ಆ ಮಟ್ಟಸವಾದ ಗೆರೆ ದೊಡ್ಡ ಗೊಂದಲ ತರುತ್ತದೆ. ನಾಡಿಯಿಲ್ಲದೆ ಉಸಿರಾಡುತ್ತಿರುವ ಈ ದೇಹ ನಮ್ಮ ತಂದೆಯದೇ, ಯಂತ್ರದ್ದೇ? ಹೆದರಿಕೆ ಸಹಜ. ಆದರೆ ನಮ್ಮ ಪರಂಪರೆ ಜೀವವನ್ನು ಹೃದಯದ ಮಾಂಸಖಂಡಕ್ಕೆ ಎಂದೂ ಕಟ್ಟಿಹಾಕಿರಲಿಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಇಂದ್ರಿಯಗಳು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡುವ ಪ್ರಸಂಗವಿದೆ. ಮಾತು, ಕಣ್ಣು, ಕಿವಿ, ಮನಸ್ಸು ಒಂದೊಂದಾಗಿ ಒಂದು ವರ್ಷ ದೇಹ ಬಿಟ್ಟು ಹೋಗಿಬರುತ್ತವೆ. ದೇಹ ಹೇಗೋ ಬಾಳುತ್ತದೆ. ಪ್ರಾಣ ಹೊರಡಲು ಅಣಿಯಾದಾಗ ಮಾತ್ರ ಎಲ್ಲವೂ ಬುಡಸಮೇತ ಅಲುಗುತ್ತವೆ. ಅದೇ ಉಪನಿಷತ್ತಿನ ಕೊನೆಯ ಅಧ್ಯಾಯದಲ್ಲಿ ಹೃದಯ ಎಂದರೆ ಒಳಗಿನ ಸೂಕ್ಷ್ಮ ಆಕಾಶಕ್ಕೆ ನೆಲೆ, ದೇಹ ಮುಪ್ಪಾದರೂ ಮುಪ್ಪಾಗದ್ದಕ್ಕೆ ಮನೆ. ಈ ಮಾತುಗಳನ್ನು ಹಿಡಿದು ಪಂಪಿಗೆ ವೇದದ ಮುದ್ರೆ ಒತ್ತುವುದು ನನ್ನ ಉದ್ದೇಶವಲ್ಲ. ಅಂಥ ಕಸರತ್ತು ಉಪನಿಷತ್ತಿಗೂ ಅವಮಾನ, ವಿಜ್ಞಾನಕ್ಕೂ ಅವಮಾನ. ಇಷ್ಟು ಮಾತ್ರ ಹೇಳಬಹುದು: ಅಂಗವೊಂದು ಕೆಲಸ ಬಿಟ್ಟಿರುವ ಹೊತ್ತಿನಲ್ಲೂ ಬದುಕು ಪೂರ್ತಿಯಾಗಿ ಆ ಮನುಷ್ಯನದೇ ಆಗಿ ಉಳಿಯಬಹುದು ಎಂಬ ಯೋಚನೆ ನಮಗೆ ಹೊರಗಿನಿಂದ ಬಂದದ್ದಲ್ಲ.

ಹೃದಯ ಕೆಲಸ ಬಿಟ್ಟಿದೆ ಎಂದರೆ ಸತ್ತಿದೆ ಎಂದೂ ಅಲ್ಲ. 1982ರಲ್ಲಿ ಅಮೆರಿಕದ ಹೃದಯತಜ್ಞರಾದ ಯೂಜೀನ್ ಬ್ರೌನ್ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ ಒಂದು ವಿಚಾರವನ್ನು ಸ್ಪಷ್ಟವಾಗಿ ಮುಂದಿಟ್ಟರು. ರಕ್ತವಿಲ್ಲದೆ ಬಳಲಿದ ಸ್ನಾಯುವಿನ ಒಂದಷ್ಟು ಭಾಗ ಸತ್ತಿರುವುದಿಲ್ಲ, ದಂಗುಬಡಿದಿರುತ್ತದೆ. ನಾಳ ತೆರೆದು ರಕ್ತ ಹರಿದ ಮೇಲೂ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಅದು ಸಂಕುಚಿಸುವುದಿಲ್ಲ, ಆಮೇಲೆ ಮೆಲ್ಲಗೆ ಎಚ್ಚರಗೊಳ್ಳುತ್ತದೆ. ಇಡೀ ಯಂತ್ರಾಧಾರದ ನ್ಯಾಯ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಬೇರೆ ಯಾವ ಸ್ನಾಯುವಿಗೆ ಪೆಟ್ಟಾದರೂ ನಾವು ಅದನ್ನು ಕೆಲಸದಿಂದ ಬಿಡಿಸುತ್ತೇವೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಹೃದಯಕ್ಕೆ ಮಾತ್ರ ಆ ಸೌಲಭ್ಯವಿಲ್ಲ, ಪೆಟ್ಟು ಬಿದ್ದ ಗಳಿಗೆಯಲ್ಲೂ ದುಡಿಯಲೇಬೇಕು. ಔಷಧಿ ಕೊಟ್ಟು ಬಡಿತದ ಬಲ ಹೆಚ್ಚಿಸಿದರೆ ಬಳಲಿದ್ದನ್ನೇ ಇನ್ನಷ್ಟು ದುಡಿಸಿದಂತೆ. ಪಂಪು ಹಾಗಲ್ಲ, ಹೊರೆಯನ್ನು ತಾನು ಹೊತ್ತು ಹೃದಯಕ್ಕೆ ಬಿಡುವು ಕೊಡುತ್ತದೆ. ಮನೆ ಕಟ್ಟುವಾಗ ತಾರಸಿಯ ಅಡಿಗೆ ಕೊಡುವ ಸೆಂಟ್ರಿಂಗ್ ಮಾಡುವ ಕೆಲಸವೂ ಇದೇ: ಕಾಂಕ್ರೀಟು ಗಟ್ಟಿಯಾಗುವವರೆಗೆ ಭಾರ ಅದರದು, ಆಮೇಲೆ ಹಲಗೆ ಗೂಟ ಎಲ್ಲ ಕೀಳಬೇಕು, ಅದನ್ನೇ ಕಂಬವೆಂದು ತಿಳಿದು ಯಾರೂ ಸಂಸಾರ ಹೂಡುವುದಿಲ್ಲ. ಹೋಲಿಕೆ ಒಂದು ಕಡೆ ಸೋಲುತ್ತದೆ ಎಂಬುದನ್ನೂ ಹೇಳಬೇಕು. ಕಾಂಕ್ರೀಟು ಗಟ್ಟಿಯಾಗುವುದು ಹೆಚ್ಚುಕಡಿಮೆ ಖಚಿತ. ಹೃದಯ ಏಳುತ್ತದೆಂದು ಯಾರೂ ಮಾತು ಕೊಡಲಾರರು.

ಹೊರೆ ಇಳಿಸುವುದು ಮತ್ತು ಬಲ ತುಂಬುವುದು ಎರಡೂ ಒಂದೇ ಅಲ್ಲ ಎಂಬುದಕ್ಕೆ ಕಳೆದ ಹದಿನೈದು ವರ್ಷಗಳ ಪ್ರಯೋಗಗಳು ಸಾಕ್ಷಿ. ಮಹಾಪಧಮನಿಯೊಳಗೆ ಉಬ್ಬಿ ಕುಗ್ಗುತ್ತ ಹೃದಯಕ್ಕೆ ನೆರವಾಗುವ, 1967ರಿಂದ ಬಳಕೆಯಲ್ಲಿದ್ದ ಬಲೂನ್ ಪಂಪನ್ನು ದಶಕಗಳ ಕಾಲ ವೈದ್ಯರು ನಂಬಿದ್ದರು. ಜರ್ಮನಿಯಲ್ಲಿ 600 ಶಾಕ್ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಲೂನ್ ಹಾಕಿದವರಲ್ಲಿ ತಿಂಗಳೊಳಗೆ ತೀರಿಕೊಂಡವರು ಶೇ 39.7, ಹಾಕದವರಲ್ಲಿ ಶೇ 41.3. ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ ಅದು. ಎಕ್ಮೋ ಎಂಬ ಯಂತ್ರ ಇನ್ನೂ ಬಲಶಾಲಿ. ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ದೇಹದ ಹೊರಗೇ ಮಾಡಿಬಿಡುತ್ತದೆ. 2023ರಲ್ಲಿ ಅದರ ದೊಡ್ಡ ಪ್ರಯೋಗದ ಫಲಿತಾಂಶ ಬಂತು: ಎಕ್ಮೋ ಹಾಕಿದವರಲ್ಲಿ ಶೇ 47.8 ಸಾವು, ಹಾಕದವರಲ್ಲಿ ಶೇ 49. ಅಷ್ಟು ದೊಡ್ಡ ಯಂತ್ರದಿಂದಲೂ ಜೀವ ಹೆಚ್ಚು ಉಳಿಯಲಿಲ್ಲ. ಡೆನ್ಮಾರ್ಕ್, ಜರ್ಮನಿ, ಬ್ರಿಟನ್‌ಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಡೇಂಜರ್ ಶಾಕ್ ಪ್ರಯೋಗ ಬೇರೆ ಮಾತು ಹೇಳಿತು. ಇಂಪೆಲ್ಲಾ ಪಡೆದವರಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು ಶೇ 45.8, ಪಡೆಯದವರಲ್ಲಿ ಶೇ 58.5. ಎಕ್ಮೋ ರಕ್ತವನ್ನು ಮಹಾಪಧಮನಿಯೊಳಕ್ಕೆ ಹಿಂದಿನಿಂದ ನುಗ್ಗಿಸುವುದರಿಂದ ಸೋತ ಹೃದಯ ಇನ್ನೂ ಹೆಚ್ಚಿನ ಒತ್ತಡದ ಎದುರು ತೆರೆದುಕೊಳ್ಳಬೇಕಾಗುತ್ತದೆ. ಇಂಪೆಲ್ಲಾ ಹೃದಯದ ಒಳಗಿನಿಂದಲೇ ರಕ್ತ ತೆಗೆದು ಅದನ್ನು ಹಗುರ ಮಾಡುತ್ತದೆ. ಎರಡು ಪ್ರಯೋಗಗಳ ರೋಗಿಗಳು ಒಂದೇ ಬಗೆಯವರಲ್ಲ ಎಂಬುದನ್ನು ಮರೆಯಬಾರದು. ಎಕ್ಮೋ ಪ್ರಯೋಗದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಹೃದಯ ಒಮ್ಮೆ ನಿಂತು ಮತ್ತೆ ಚಾಲೂ ಆದವರು. ಡೇಂಜರ್ ಶಾಕ್‌ನಲ್ಲಿ ಹೃದಯ ನಿಂತು ಪ್ರಜ್ಞೆ ಮರಳದವರನ್ನು ಸೇರಿಸಿಕೊಂಡಿರಲಿಲ್ಲ. ಅಷ್ಟು ಕಳೆದ ಮೇಲೂ ನನಗೆ ಮುಖ್ಯವೆನಿಸುವ ಅಂಶ ಉಳಿಯುತ್ತದೆ. ಹೃದಯದ ಸ್ಥಾನವನ್ನು ಹೆಚ್ಚು ಆಕ್ರಮಿಸಿದಷ್ಟೂ ಜೀವಕ್ಕೆ ಒಳ್ಳೆಯದು ಎಂಬ ಲೆಕ್ಕ ತಪ್ಪು. ತಾನಾಗಿ ಏಳಬಲ್ಲದ್ದಕ್ಕೆ ಏಳಲು ಎಡೆಮಾಡಿಕೊಡುವ ನೆರವೇ ನೆರವು.

ಈ ವಾದಕ್ಕೆ ಮೊದಲು ಬರುವ ಆಕ್ಷೇಪ ಹಣೆಬರಹದ್ದು. ಆಯಸ್ಸು ಮುಗಿದಿದ್ದರೆ ಯಾವ ಪಂಪೂ ಉಳಿಸದು, ಇದ್ದರೆ ಪಂಪಿನ ಹಂಗೇ ಬೇಡ. ನಡುವೆ ಯಂತ್ರ ತೂರಿಸುವುದು ದೇವರ ಕೆಲಸದಲ್ಲಿ ಕೈಹಾಕಿದಂತೆ ಎಂಬ ಮಾತು ನಮ್ಮಲ್ಲೂ ಇದೆ, ಡೊನೆಗಾಲಿನಂಥ ಕ್ಯಾಥೊಲಿಕ್ ನಾಡಿನಲ್ಲೂ ಇದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಕೈಮೀರಿದ್ದು ಇದೆ ಎಂಬ ತಿಳಿವು ಅದರೊಳಗಿದೆ. ಆದರೆ ಅದೇ ನಂಬಿಕೆಯ ಜನ ನಡೆದುಕೊಳ್ಳುವ ಬಗೆ ಬೇರೆ. ಲೆಟರ್‌ಕೆನ್ನಿಗೆ ಹತ್ತಿರದ ಕಿಲ್‌ಮ್ಯಾಕ್ರೆನನ್ ಬಳಿ ಡೂನ್ ವೆಲ್ ಎಂಬ ಪವಿತ್ರ ಬಾವಿಯಿದೆ. ಕಾಯಿಲೆಯವರು, ಅವರ ಮನೆಯವರು ಅಲ್ಲಿನ ನೀರು ತೆಗೆದುಕೊಂಡು ಹೋಗುತ್ತಾರೆ, ಬಟ್ಟೆಯ ಚೂರು, ಜಪಮಾಲೆ ಕಟ್ಟಿ ಬರುತ್ತಾರೆ. ನಮ್ಮ ಊರುಗಳಲ್ಲಿ ಮರಕ್ಕೆ ಹರಕೆಯ ಬಟ್ಟೆ, ತೊಟ್ಟಿಲು ಕಟ್ಟುವವರಿಗೆ ಆ ದೃಶ್ಯ ಹೊಸದೇನಲ್ಲ. ಹರಕೆ ಹೊರುವವನು ಹಣೆಬರಹಕ್ಕೆ ತಲೆಬಾಗಿ ಸುಮ್ಮನೆ ಕೂತವನಲ್ಲ, ಬರೆದದ್ದು ಬದಲಾಗಲಿ ಎಂದು ಕೇಳುತ್ತಿರುವವನು. ಕೇಳುವುದು ದೈವದ್ರೋಹವಲ್ಲದಿದ್ದರೆ ದುಡಿಯುವುದು ಹೇಗೆ ದ್ರೋಹವಾದೀತು? ಅದೇ ದ್ವೀಪದ ಬೆಲ್‌ಫಾಸ್ಟ್‌ನಲ್ಲಿ 1965ರಲ್ಲಿ ಫ್ರ್ಯಾಂಕ್ ಪ್ಯಾಂಟ್ರಿಜ್ ಕಾರಿನ ಬ್ಯಾಟರಿಯಿಂದ ನಡೆಯುವ, ಸುಮಾರು 70 ಕಿಲೋ ತೂಗುವ ಡಿಫಿಬ್ರಿಲೇಟರನ್ನು ಆಂಬುಲೆನ್ಸಿಗೆ ಹೊಂದಿಸಿದರು. ಆಸ್ಪತ್ರೆ ತಲುಪುವ ಮುನ್ನವೇ ಸಾಯುತ್ತಿದ್ದವರನ್ನು ರಸ್ತೆಯಲ್ಲೇ ಉಳಿಸಬಹುದೆಂದು ಜಗತ್ತಿಗೆ ತೋರಿಸಿದ್ದು ಆ ಗಾಡಿ. ಅಲ್ಲಿಯವರೆಗೆ ಆಯಸ್ಸು ಮುಗಿಯಿತು ಎಂದು ನಾವು ಕರೆಯುತ್ತಿದ್ದದ್ದರಲ್ಲಿ ಒಂದು ಪಾಲು ಬರೀ ದೂರವಾಗಿತ್ತು. ಇದನ್ನು ಅರಿತ ಮೇಲೆ ದೂರವನ್ನು ದೇವರ ಲೆಕ್ಕಕ್ಕೆ ಬರೆಯುವುದು ಭಕ್ತಿಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ, ನನ್ನ ವಾದದ ಮರ್ಮಕ್ಕೇ ಬರುವಂಥದ್ದು. ಹಾಕದೆ ಬಿಡುವುದು ಬೇರೆ. ಹಾಕಿದ ಪಂಪನ್ನು, ಅದನ್ನು ತೆಗೆದರೆ ರೋಗಿ ಸಾಯುತ್ತಾನೆಂದು ತಿಳಿದೂ ತೆಗೆಯುವುದು ಕೊಲೆಯಲ್ಲವೇ? ಕೈಯಾರೆ ಗುಂಡಿ ಒತ್ತುವವನ ಮನಸ್ಸಿಗೆ ಈ ಪ್ರಶ್ನೆ ಕಾಡದಿರದು. ಇದಕ್ಕೆ ಉತ್ತರ ಹುಡುಕಲು ಧರ್ಮಶಾಸ್ತ್ರಿಗಳು ಬಹಳ ಹಿಂದೆಯೇ ತೊಡಗಿದ್ದರು. 1957ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್, ಉಸಿರಾಟದ ಯಂತ್ರದ ಬಗ್ಗೆ ಅರಿವಳಿಕೆ ತಜ್ಞರು ಕೇಳಿದ್ದ ಪ್ರಶ್ನೆಗಳಿಗೆ ಉತ್ತರಿಸುತ್ತ, ಜೀವ ಉಳಿಸಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ, ಅಸಾಮಾನ್ಯ ಸಾಧನಗಳನ್ನು ಬಳಸಲೇಬೇಕೆಂಬ ಕಟ್ಟಿಲ್ಲ, ಫಲವಿಲ್ಲದಾಗ ಯಂತ್ರ ತೆಗೆಯಬಹುದು ಎಂದರು. ಐರ್ಲೆಂಡಿನ ಸುಪ್ರೀಂ ಕೋರ್ಟು 1995ರಲ್ಲಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಚೇತರಿಕೆಯಿಲ್ಲದೆ ಮಲಗಿದ್ದ ಮಹಿಳೆಯೊಬ್ಬರ ಕೊಳವೆ ಆಹಾರ ನಿಲ್ಲಿಸಲು ಒಪ್ಪಿತು. ಭಾರತದ ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನು ಬದುಕಿನ ಹಕ್ಕಿನ ಭಾಗವೆಂದಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು: ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಇವೆಲ್ಲ ಅಧಿಕಾರದ ಮಾತುಗಳು. ಅಧಿಕಾರಸ್ಥರು ಒಪ್ಪಿದ ಮಾತ್ರಕ್ಕೆ ಮನಸ್ಸು ಒಪ್ಪಬೇಕಿಲ್ಲ, ತರ್ಕ ಬೇಕು. ತರ್ಕ ಇದು. ಹೃದಯಾಘಾತದ ಮೇಲೆ ಹಾಕುವ ಪಂಪು ಹಾಕಿದ ದಿನದಿಂದಲೇ ತೆಗೆಯುವ ಪ್ರಯತ್ನಕ್ಕೆ ಒಳಪಟ್ಟಿರುತ್ತದೆ. ವೈದ್ಯರು ಅದರ ವೇಗವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಾರೆ, ರಕ್ತದೊತ್ತಡ ನಿಲ್ಲುತ್ತದೆಯೇ, ಅಂಗಗಳಿಗೆ ರಕ್ತ ಸಾಲದಾದಾಗ ಹೆಚ್ಚುವ ಲ್ಯಾಕ್ಟೇಟ್ ರಕ್ತದಲ್ಲಿ ಏರುತ್ತದೆಯೇ ಎಂದು ಕಾಯುತ್ತಾರೆ, ನಿಲ್ಲದಿದ್ದರೆ ಮತ್ತೆ ಏರಿಸುತ್ತಾರೆ. ಒಂದು ದಿನ ಮಟ್ಟಸವಾಗಿದ್ದ ಗೆರೆಯಲ್ಲಿ ಬೆಟ್ಟಗಳು ಮರಳಿದರೆ ಹೃದಯ ತನ್ನ ಕೆಲಸ ವಾಪಸು ಕೇಳುತ್ತಿದೆ ಎಂದರ್ಥ. ಮರಳದೇ ಹೋಗಬಹುದು, ಕಸಿ ಮಾಡಲಾಗದು, ಶಾಶ್ವತ ಪಂಪು ಕೂಡಿಸಲಾಗದು, ಮೆದುಳು ಅಥವಾ ಇತರ ಅಂಗಗಳು ಆಗಲೇ ಸೋತಿವೆ ಎಂದೂ ಆಗಬಹುದು. ಆಗ ಪಂಪು ಬಂದ ಕಾರಣವೇ ಇಲ್ಲವಾಯಿತು. ಕಾರಣವಿಲ್ಲದೆ ಅದನ್ನು ಮುಂದುವರಿಸುವುದು ಹೊಸದೊಂದು ಕ್ರಿಯೆ, ಅದಕ್ಕೇ ಸಮರ್ಥನೆ ಬೇಕು. ತೆಗೆಯುವುದು ಹಳೆಯ ಒಪ್ಪಂದದ ಕೊನೆಯ ಕಲಮು. ಸಾವಿಗೆ ಕಾರಣ ಹೃದಯಾಘಾತ; ಪಂಪು ಅದನ್ನು ತಡೆದು ನಿಲ್ಲಿಸಿ ಒಂದು ಅವಕಾಶ ಕೊಟ್ಟಿತ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ತೆಗೆಯುವುದು ಕೊಲೆ ಎಂದು ನಂಬಿದ ಸಮಾಜದಲ್ಲಿ ವೈದ್ಯರು ಹಾಕುವುದಕ್ಕೇ ಹೆದರುತ್ತಾರೆ. ಅನುಮಾನವಿದ್ದ ರೋಗಿಗೆ ಒಂದು ಪ್ರಯತ್ನ ಮಾಡೋಣ ಎನ್ನಲು ಬಾಯಿ ಬರುವುದಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಬೀಳುವುದಾದರೆ ಯಾರೂ ಒಳಗೆ ಕಾಲಿಡರು. ತೆಗೆಯುವ ಸ್ವಾತಂತ್ರ್ಯವಿದ್ದಾಗಲೇ ಹಾಕುವ ಧೈರ್ಯವಿರುತ್ತದೆ, ಜೀವಪರ ಎಂದು ಹೇಳಿಕೊಳ್ಳುವವರು ಇದನ್ನು ಯೋಚಿಸಬೇಕು.

ಆದರೆ ಪಂಪು ನಿರಪಾಯಕಾರಿಯಾಗಿದ್ದಿದ್ದರೆ ಇನ್ನೊಂದು ದಿನ ನೋಡೋಣ ಎನ್ನುವುದರಲ್ಲಿ ನಷ್ಟವೇನಿತ್ತು? ಡೇಂಜರ್ ಶಾಕ್ ಪ್ರಯೋಗವೇ ಇದಕ್ಕೆ ಉತ್ತರ ಕೊಟ್ಟಿದೆ. ಹೆಚ್ಚು ಜನ ಉಳಿದ ಆ ಗುಂಪಿನಲ್ಲೇ ಮಧ್ಯಮ ಅಥವಾ ತೀವ್ರ ರಕ್ತಸ್ರಾವ ಶೇ 21.8 ಮಂದಿಗೆ ಆಯಿತು, ಇನ್ನೊಂದು ಗುಂಪಿನಲ್ಲಿ ಶೇ 11.9. ಡಯಾಲಿಸಿಸ್ ಬೇಕಾದವರು ಶೇ 41.9, ಇನ್ನೊಂದು ಕಡೆ ಶೇ 26.7. ಕಾಲಿಗೆ ರಕ್ತ ನಿಂತದ್ದು ಶೇ 5.6 ಮಂದಿಗೆ, ಇನ್ನೊಂದರಲ್ಲಿ ಶೇ 1.1. ಉಳಿಸುವ ಕೈಯೇ ಗಾಯವನ್ನೂ ಮಾಡುತ್ತದೆ. ಆಶೆಯಿರುವವರೆಗೆ ಆ ಗಾಯಕ್ಕೆ ಅರ್ಥವಿದೆ. ಆಶೆ ಹೋದ ಮೇಲೆ ಕಳೆಯುವ ಪ್ರತಿ ದಿನವೂ ರೋಗಿಯ ದೇಹದಿಂದ ಕಿತ್ತುಕೊಂಡದ್ದು, ನಮ್ಮ ಸಮಾಧಾನಕ್ಕಾಗಿ. ಮಕ್ಕಳ ಪ್ರೀತಿ ಇದನ್ನು ಕಾಣದೆ ಹೋಗುವುದುಂಟು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಂಥ ಪಂಪಿಗೆ ಹಲವು ಲಕ್ಷ ರೂಪಾಯಿ ಸುರಿದ ಕುಟುಂಬಕ್ಕೆ, ಅಷ್ಟು ಹಣ ಹಾಕಿ ಈಗ ತೆಗೆಯುವುದೇ ಎಂಬ ಸಂಕಟವೂ ಸೇರಿಕೊಳ್ಳುತ್ತದೆ. ಆ ಸಂಕಟ ನಿಜ. ಅದನ್ನು ರೋಗಿಯ ಮೈಮೇಲೆ ತೀರಿಸುವುದು ನ್ಯಾಯವಲ್ಲ.

ಹಾಗಿದ್ದರೆ ನಿರ್ಧಾರ ಯಾರದು? ಕನ್ನಡನಾಡಿಗೆ ಈ ಪ್ರಶ್ನೆಯಲ್ಲಿ ತನ್ನದೇ ಆದ ಹಳೆಯ ಅನುಭವವಿದೆ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ, ಅನ್ನನೀರು ತೊರೆಯುವ ಜೈನರ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಹೆಸರುಗಳನ್ನು ಹೆಚ್ಚುಕಡಿಮೆ 600ನೆಯ ಇಸವಿಯ ಕಾಲದಿಂದ ಕೆತ್ತಿದ್ದಾರೆ. ಅದು ಆತ್ಮಹತ್ಯೆಯೇ ಎಂಬ ವಿವಾದ 2015ರಲ್ಲಿ ರಾಜಸ್ಥಾನ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹೈಕೋರ್ಟಿನ ನಿಷೇಧಕ್ಕೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಸಲ್ಲೇಖನವನ್ನು ಐಸಿಯುಗೆ ಎಳೆತರುವುದು ತಪ್ಪು, ಏಕೆಂದರೆ ಅದು ಎಚ್ಚರದಲ್ಲಿರುವವರು ಸಾಧನೆಯಾಗಿ ಕೈಗೊಳ್ಳುವ ವ್ರತ. ನಾನು ಅದರಿಂದ ತೆಗೆದುಕೊಳ್ಳುವುದು ಒಂದೇ ಷರತ್ತನ್ನು: ವ್ರತ ಹಿಡಿಯುತ್ತೇನೆಂಬ ಮಾತು ಆ ವ್ಯಕ್ತಿಯ ಬಾಯಿಂದಲೇ ಬರಬೇಕಿತ್ತು, ಮಗನೋ ಅಣ್ಣನೋ ಆಡುವಂತಿರಲಿಲ್ಲ. ಪಂಪು ಹಾಕಿಸಿಕೊಂಡವರಲ್ಲಿ ಅನೇಕರು ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ಆಗ ನಮ್ಮ ಮನೆಗಳಲ್ಲಿ ಹಿರಿಮಗನ ಕಡೆ ಎಲ್ಲರೂ ತಿರುಗುತ್ತಾರೆ. ಮಗ ವಿದೇಶದಲ್ಲಿದ್ದು ತಂದೆ ಊರಲ್ಲಿದ್ದರೆ, ಅಥವಾ ಮಗನೇ ಲೆಟರ್‌ಕೆನ್ನಿಯಲ್ಲಿ ಮಲಗಿದ್ದು ತಂದೆತಾಯಿ ಶಿವಮೊಗ್ಗದಲ್ಲಿದ್ದರೆ, ನಡುರಾತ್ರಿಯ ಒಂದು ಫೋನಿನಲ್ಲಿ ಎಲ್ಲ ತೀರ್ಮಾನವಾಗಬೇಕಾಗುತ್ತದೆ. ಐರ್ಲೆಂಡಿನ ಕಾನೂನು ಮಾತ್ರ ಹತ್ತಿರದ ಬಂಧು ಎಂಬ ಒಂದೇ ಕಾರಣಕ್ಕೆ ಯಾರಿಗೂ ಒಪ್ಪಿಗೆ ಕೊಡುವ ಅಧಿಕಾರ ಕೊಡುವುದಿಲ್ಲ. 2015ರಲ್ಲಿ ಅಂಗೀಕಾರವಾಗಿ 2023ರ ಏಪ್ರಿಲ್ 26ರಂದು ಜಾರಿಗೆ ಬಂದ ಕಾಯಿದೆ ಕೇಳುವುದು ರೋಗಿಯ ಇಷ್ಟವೇನು ಎಂದು. ನಮ್ಮವರಿಗೆ ಇದು ಕಠೋರವಾಗಿ ಕಾಣಬಹುದು, ರಕ್ತಸಂಬಂಧವನ್ನೇ ಲೆಕ್ಕಕ್ಕಿಡಲಿಲ್ಲ ಎನಿಸಬಹುದು. ನನಗೆ ಅದರಲ್ಲಿ ಮಗನ ಮೇಲಿನ ಕರುಣೆಯೂ ಕಾಣುತ್ತದೆ. ಅಪ್ಪನನ್ನು ನಾನು ಬಿಟ್ಟೆ ಎಂಬ ಭಾರ ಹೊರಬೇಕಿಲ್ಲ ಅವನು; ಅಪ್ಪ ಏನು ಬಯಸುತ್ತಿದ್ದರು ಎಂದು ನೆನಪಿಸಿಕೊಂಡು ಹೇಳಿದರೆ ಸಾಕು.

ನೆನಪಿಗೆ ಬಿಡುವುದಕ್ಕಿಂತ ಬರೆದಿಡುವುದು ಮೇಲು. ಐರ್ಲೆಂಡಿನಲ್ಲಿ ಮುಂಗಡ ಆರೋಗ್ಯ ನಿರ್ದೇಶನಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಒಬ್ಬರಾದರೂ ಮನೆಯವರಲ್ಲದವರಿರಬೇಕು. ಅದರಲ್ಲಿ ಬರೆಯುವ ಮಾತಿನ ಬಗ್ಗೆ ಒಂದು ಎಚ್ಚರ ಅಗತ್ಯ. ಯಂತ್ರಗಳು ಬೇಡವೇ ಬೇಡ ಎಂದು ಬಹಳ ಜನ ಬರೆಯುತ್ತಾರೆ, ಕೊನೆಯ ದಿನಗಳ ಕೊಳವೆಗಳನ್ನು ನೆನೆದು. ಆ ಒಂದು ವಾಕ್ಯ, ಐವತ್ತರ ವಯಸ್ಸಿನಲ್ಲಿ ಹೃದಯಾಘಾತವಾಗಿ ಎರಡು ಮೂರು ದಿನದ ಬಿಡುವಿದ್ದರೆ ಎದ್ದು ನಡೆಯಬಹುದಾದ ಮನುಷ್ಯನಿಗೂ ಪಂಪನ್ನು ತಪ್ಪಿಸಬಹುದು. ಬರೆಯಬೇಕಾದದ್ದು ಉದ್ದೇಶವನ್ನು: ಹೃದಯ ಚೇತರಿಸಿಕೊಳ್ಳುವ ಭರವಸೆ ವೈದ್ಯರಿಗಿರುವಷ್ಟು ಕಾಲ ಯಂತ್ರದ ನೆರವು ಬೇಕು, ಆ ಭರವಸೆ ಹೋದ ಮೇಲೆ ಬೇಡ, ಮುಂದುವರಿಸುವುದಕ್ಕೆ ಬಂಧುಗಳ ಒತ್ತಾಯವನ್ನು ಕಾರಣ ಮಾಡಬೇಡಿ. ಲೆಟರ್‌ಕೆನ್ನಿಯವರು ಇನ್ನೊಂದನ್ನೂ ಗಮನಿಸಬೇಕು. ಆ ಕಾಗದಕ್ಕೆ ಬಲ ಕೊಡುವ ಕಾಯಿದೆ ಐರ್ಲೆಂಡ್ ಗಣರಾಜ್ಯದ್ದು, ಆಂಬುಲೆನ್ಸ್ ಅವರನ್ನು ಕೊಂಡೊಯ್ಯುವ ಡೆರಿ ಬೇರೊಂದು ಕಾನೂನಿನ ನೆಲ. ಬೇಡವೆಂದು ಮೊದಲೇ ಹೇಳಿದ ಮಾತನ್ನು ಅಲ್ಲಿ ಹಳೆಯ ತೀರ್ಪುಗಳ ಪರಂಪರೆ ಮನ್ನಿಸುತ್ತದೆ, ಆದರೆ ಮಾತು ಸ್ಪಷ್ಟವಾಗಿರಬೇಕು, ಎದುರಿನ ಸಂದರ್ಭಕ್ಕೆ ಹೊಂದಬೇಕು. ಆದ್ದರಿಂದ ಕಾಗದದ ಒಂದು ಪ್ರತಿ ಮನೆಯ ಬೀರುವಿನಲ್ಲಿದ್ದರೆ ಸಾಲದು; ಕುಟುಂಬ ವೈದ್ಯರ ಬಳಿಯೂ ಇರಬೇಕು, ರೋಗಿಯ ಜೊತೆ ಗಾಡಿ ಹತ್ತುವವರ ಕೈಯಲ್ಲೂ ಇರಬೇಕು.